ಕೆಂಪು ದಾರದ ಓತಿಕ್ಯಾತ

‘ಮಾದರಿಗಳನ್ನು ಅದಲುಬದಲು ಮಾಡಿದವನು ನಾನೇ.’

ಗೋಪಿನಾಥನ ಸಹಿ ಹೊತ್ತ ಆ ಒಂದೇ ಸಾಲಿನ ಕಾಗದ ಓದಿ ವಾಸಂತಿಗೆ ಮೈಯೆಲ್ಲ ಉರಿಯಿತು.

ಹೈದರಾಬಾದಿನ ಆ ಪ್ರಯೋಗಾಲಯದಲ್ಲಿ ಎರಡು ವರ್ಷ ಅವಳು ಓದಿದ್ದು ಕರಾವಳಿಯ ಮರಳುದಿಬ್ಬಗಳ ಓತಿಕ್ಯಾತಗಳ ಡಿಎನ್‌ಎ. ನದಿ ಕಡಲು ಸೇರುವ ಅಳಿವೆಯ ಉತ್ತರಕ್ಕೂ ದಕ್ಷಿಣಕ್ಕೂ ಅವುಗಳ ಬಣ್ಣ ಒಂದೇ, ಚುಕ್ಕೆ ಒಂದೇ. ಒಳಗಿನ ಕಥೆಯೇ ಬೇರೆ: ಲಕ್ಷಾಂತರ ವರ್ಷಗಳ ಹಿಂದೆಯೇ ಕವಲೊಡೆದ ಎರಡು ಕುಲ. ಮುಖ್ಯಸ್ಥೆ ಶೋಭಾ ಮೇಡಂ ಒಪ್ಪಲಿಲ್ಲ. ಮಾದರಿಗಳು ಬೆರೆತಿವೆ, ತಪ್ಪು ಯಾರದೆಂದು ಸಂಜೆಯೊಳಗೆ ಬರೆದುಕೊಡದಿದ್ದರೆ ವಾಸಂತಿಯ ಕೆಲಸ ಹೋದಂತೆಯೇ ಎಂದಿದ್ದರು.

ಗೋಪಿನಾಥ ಕಿಟಕಿಯ ಬಳಿ ನಿಂತಿದ್ದ. ಮಲ್ಪೆಯ ಮೀನುಗಾರರ ಮನೆಯವನು. ದಿಬ್ಬ ದಿಬ್ಬ ಅಲೆದು ಮಾದರಿ ತಂದವನು.

“ಯಾರನ್ನ ಕೇಳಿ ಬರದ್ರಿ ಇದನ್ನ?”

“ನಿಮ್ಮ ಕೆಲಸ ಉಳೀಲಿ ಅಂತ ಮಾರಾಯ್ರೆ. ನನಗೆಂತ, ಊರಲ್ಲಿ ದೋಣಿ ಉಂಟು.”

“ಕೆಲಸ ಉಳಸಾಕ ಸುಳ್ಳು ಹೇಳ್ತೀರೇನ್ರಿ? ಸೇಡಂ ಹುಡುಗಿ ನಾನು. ತಲಿ ತಗ್ಗಸಂಗಿಲ್ಲ!”

ಅವನ ತುಟಿಯಂಚಿನಲ್ಲಿ ನಗು ಸುಳಿಯಿತು. ಆ ನಗುವಿಗೆ ಸೋಲಬಾರದೆಂದು ಅವಳು ಕಾಗದವನ್ನು ಚೂರು ಚೂರು ಮಾಡಿ, ಮಾದರಿಯ ಸೀಸೆಗಳ ಪೆಟ್ಟಿಗೆ ಎತ್ತಿಕೊಂಡು, ನೇರ ಮೇಡಂ ಕೋಣೆಗೆ ನುಗ್ಗಿದಳು. ಅವನು ಹಿಂದೆಯೇ ಓಡಿದ.

“ಸ್ಪಿರಿಟ್ ತಾಗಿದ್ರ ಶಾಯಿ ಅಳಿಸ್ತೈತಿ ಅಂತ ಇವರು ದಿಬ್ಬದ ಮ್ಯಾಲೇ ಸೀಸೆ ಕೊರಳಿಗೆ ದಾರ ಕಟ್ತಾರ್ರಿ ಮೇಡಂ. ಉತ್ತರಕ್ಕ ಕೆಂಪು, ದಕ್ಷಿಣಕ್ಕ ಬಿಳಿ. ಬೆರೆತಿದ್ರ ಕೆಂಪಿನಾಗ ಎರಡೂ ಕುಲ ಸಿಗಬೇಕಿತ್ತು. ನಲವತ್ತರಾಗ ಒಂದೂ ತಪ್ಪಿಲ್ಲ! ಇಲ್ಲಿ ಯಾರೋ ದಾರ ಬದಲಿಸ್ಯಾರ ಅಂತೀರೇನು? ಅದು ಮೀನಿನ ಬಲಿ ಹೆಣಿಯೋರ ಗಂಟು. ನೀವ ಬಿಚ್ಚಿ ತೋರಸ್ರಿ!”

ಬಿಚ್ಚಲು ಹೋದ ಶೋಭಾ ಮೇಡಂಗೆ ಉಗುರು ನೊಂದದ್ದೇ ಬಂತು. ಸೀಸೆಯನ್ನು ಪೆಟ್ಟಿಗೆಗೆ ಮರಳಿಸಿದರು.

“ನಾಳೆ ಎಲ್ಲವನ್ನೂ ಮತ್ತೆ ಓದೋಣ. ನಾನೂ ಪಕ್ಕದಲ್ಲಿ ಕೂರ್ತೀನಿ. ಹೊತ್ತಿಗೆ ಸರಿಯಾಗಿ ಬಾ.”

ಹೊರಗೆ ಬಂದೊಡನೆ ವಾಸಂತಿ ತಿರುಗಿ ನಿಂತಳು. “ಆ ಗಂಟು ನನಗ ಕಲಸ್ರಿ.”

“ಈಗ ಬೇಡ. ಕಲಿಸಿದ್ರೆ ದಾರ ಬದಲಿಸಿದ್ದು ನೀವೇ ಅಂತಾರೆ.”

“ಹಂಗಾರ ಕಟ್ರಿ,” ಎಂದು ಅವಳು ಮುಂಗೈ ಚಾಚಿದಳು.

ಸುಲ್ತಾನ್ ಬಜಾರ್‌ನಲ್ಲಿ ಕೊಂಡ ಕೆಂಪು ದಾರದ ಉಂಡೆ ಅವನ ಜೇಬಿನಲ್ಲೇ ಇತ್ತು. ನಲವತ್ತು ಸೀಸೆಗೆ ಹಾಕಿದ ಗಂಟನ್ನೇ ಅವಳ ಮುಂಗೈಗೂ ಹಾಕಿದ.

“ನಿಮಗೆ ಬಿಚ್ಚಲಿಕ್ಕೆ ಬರೂದಿಲ್ಲ, ಗೊತ್ತುಂಟಲ್ಲ?”

“ಬಿಚ್ಚಾಕಿ ಇದ್ರ ಕೈ ಚಾಚ್ತಿದ್ನೇನ್ರಿ?”