ಅವನ ಮದುವೆಗೆ ನನ್ನ ಪ್ರಾರ್ಥನೆ

"ಬಾಗಿಲು ತೆಗೀರಿ! ಯಾರಾದ್ರೂ ಇದ್ದೀರಾ? ಬಾಗಿಲು ತೆಗೀರಿ!"

ಆಸ್ಪತ್ರೆಯ ಲಿಫ್ಟ್ ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ನಿಂತುಬಿಟ್ಟಿತ್ತು. ಒಳಗೆ ಅವಳೊಬ್ಬಳೇ. ಐಸಿಯುನಲ್ಲಿದ್ದ ಅಮ್ಮನನ್ನು ನೋಡಲು ದಿನಕ್ಕೆ ಸಿಗುವುದು ಹದಿನೈದೇ ನಿಮಿಷ. ಅದರಲ್ಲಿ ಹತ್ತು ಇಲ್ಲೇ ಹಾಳಾಗಿ ಹೋಗಿದ್ದವು.

ಮೇಲಿನಿಂದ ಕಬ್ಬಿಣ ತಿಕ್ಕುವ ಸದ್ದು ಬಂತು. ಹಿಂದೆಯೇ ಒಂದು ಗಂಡು ದನಿ, ಪಕ್ಕದ ಮನೆಯವರ ಹತ್ತಿರ ಏಣಿ ಕೇಳುವಷ್ಟು ಸಲೀಸಾಗಿ.

"ಸ್ವಾಮೀ, ಈ ಕೊಂಡಿ ಒಂದು ಬಿಟ್ಟುಕೊಳ್ಳಲಪ್ಪಾ. ಒಳಗಿರೋರು ತುಂಬ ಹೆದರಿದಾರೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು!

"ರೀ! ಪ್ರಾರ್ಥನೆ ಆಮೇಲೆ ಮಾಡ್ಕೊಳ್ಳಿ, ಮೊದ್ಲು ಕೈ ಆಡ್ಸಿ! ಕೊಂಡಿ ಬಿಚ್ಚೋದೂ ದೇವರ ಕೆಲಸಾನಾ?"

"ಎರಡೂ ಒಟ್ಟಿಗೇ ಮಾಡ್ತಿದೀನಿ ಮೇಡಂ. ಕೈಗೆ ಕೆಲಸ ಇತ್ತು, ಬಾಯಿ ಖಾಲಿ ಇತ್ತು."

ಕೊಂಡಿ ಬಿಟ್ಟುಕೊಂಡಿತು. ಗ್ರೀಸ್ ಮೆತ್ತಿದ ಕೈಯೊಂದು ಅವಳನ್ನು ಮೇಲಕ್ಕೆಳೆದುಕೊಂಡಿತು. ಓಡಿದಳು. ಐಸಿಯು ಬಾಗಿಲು ಮುಚ್ಚಿತ್ತು. "ಟೈಮ್ ಮುಗೀತು, ನಾಳೆ ಬನ್ನಿ."

ಮೆಟ್ಟಿಲ ಮೇಲೆ ಕುಸಿದು ಕೂತವಳ ಪಕ್ಕದಲ್ಲೇ ಅವನು ಕೈ ಒರೆಸಿಕೊಳ್ಳುತ್ತ ಹಾದುಹೋಗಿ ಬಾಗಿಲು ತಟ್ಟಿದ. "ಸಿಸ್ಟರ್, ತಪ್ಪು ಲಿಫ್ಟಿಂದು, ಅವರದಲ್ಲ. ಐದು ನಿಮಿಷ ಬಿಡಿ."

ಬಿಟ್ಟರು. ಅವಳು ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಇಂಥವಳನ್ನು ಚರ್ಚಿನ ಸಭೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು 'ಪ್ರಾರ್ಥನೆ ಅಕ್ಕ' ಎಂದು! ವಾರವಿಡೀ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವಳು. ಭಾನುವಾರ ಎದ್ದು ನಿಂತು ಪ್ರಾರ್ಥಿಸಿದರೆ ಹಿರಿಯರೂ ಕಣ್ಣೊರೆಸಿಕೊಳ್ಳುವರು. ಅಷ್ಟು ಚಂದದ ಮಾತು. ಆದರೆ ಅಮ್ಮ ಪಾತ್ರೆ ತೊಳೆಯುತ್ತಲೇ ಪಾರ್ಶ್ವವಾಯು ಹೊಡೆದು ಬಿದ್ದ ದಿನದಿಂದ, ಅವಳ ಬಾಯಿಗೆ ಬೀಗ ಬಿದ್ದಿತ್ತು. ಮೊಣಕಾಲೂರುವಳು. ಒಂದು ಪದವೂ ಬರದು.

'ಎಲ್ಲರಿಗೂ ಬೇಡಿಕೊಂಡೆ... ನನಗೇ ಬೇಡೋಕಾಗ್ತಿಲ್ವಲ್ಲ!'

ಆ ಮುದಿ ಲಿಫ್ಟು ಎರಡು ದಿನಕ್ಕೊಮ್ಮೆ ಕೆಡುತ್ತಿತ್ತು. ರಿಪೇರಿಗೆ ಬರುವ ಅವನಿಗೆ ನರ್ಸುಗಳು 'ಲಿಫ್ಟಪ್ಪ' ಎಂದೇ ಹೆಸರಿಟ್ಟಿದ್ದರು. ಬಂದಾಗಲೆಲ್ಲ ಅವಳ ಹತ್ತಿರ ಒಂದೇ ಪ್ರಶ್ನೆ.

"ಇವತ್ತಿಗೇನು ಕೇಳೋಣ?"

"ಅಮ್ಮ ಎದ್ದು ಓಡಾಡ್ಬೇಕು. ಇನ್ನೇನು ಕೇಳ್ಲಿ?"

"ಅದು ಇದ್ದೇ ಇದೆ. ಇವತ್ತಿಗೆ?"

"...ಕೂತ್ಕೊಳ್ಳೋಕೆ ಒಂದು ಕುರ್ಚಿ."

ಅವನು ನಿಂತಲ್ಲೇ ಕಣ್ಣು ಮುಚ್ಚಿ ಕುರ್ಚಿ ಕೇಳಿದ. ಆಮೇಲೆ ತಾನೇ ಹೋಗಿ ಎಲ್ಲಿಂದಲೋ ಹೊತ್ತು ತಂದ. ಕಳ್ಳ!

ಮೂರನೆಯ ವಾರ ಅಮ್ಮನನ್ನು ವಾರ್ಡಿಗೆ ತಂದರು. ಕಣ್ಣು ಬಿಡುತ್ತಿದ್ದಳು, ಮಾತಿಲ್ಲ, ನುಂಗಲು ಬರುತ್ತಿಲ್ಲ. ಮೂಗಿನಲ್ಲಿ ನಳಿಗೆ. ಡಾಕ್ಟರಮ್ಮ ಮೆಲ್ಲಗೆ ಹೇಳಿದರು: "ಶುಕ್ರವಾರ ಮೂರು ಗಂಟೆಗೆ ಚಮಚದಲ್ಲಿ ನೀರು ಕೊಟ್ಟು ನೋಡ್ತೀವಿ. ನುಂಗದಿದ್ರೆ ಹೊಟ್ಟೆಗೇ ಟ್ಯೂಬ್ ಹಾಕ್ಬೇಕಾಗತ್ತಮ್ಮ. ಆಮೇಲೆ ಬಾಯಿಂದ ಊಟ... ಆಸೆ ಕಮ್ಮಿ."

"ಹಾಗಾದ್ರೆ ಒಂದು ಚಮಚ ನೀರು ಕೇಳೋಣ," ಎಂದ ಲಿಫ್ಟಪ್ಪ.

ಅವಳು ನಕ್ಕಳು. ನಗುತ್ತಲೇ ಅತ್ತುಬಿಟ್ಟಳು.

ಅವನು ಯಾವಾಗ ಮನಸ್ಸಿನೊಳಗೆ ಬಂದು ಕೂತನೋ ಅವಳಿಗೇ ಗೊತ್ತಿಲ್ಲ. ಲಿಫ್ಟ್ ಎರಡು ದಿನ ಸರಿಯಾಗಿ ಓಡಿದರೆ ಸಿಟ್ಟು ಬರತೊಡಗಿತ್ತು, ಅಷ್ಟೇ!

ಶುಕ್ರವಾರ ಮಧ್ಯಾಹ್ನ. ಆಸ್ಪತ್ರೆಯ ಕೆಳಮಹಡಿಯ ಪ್ರಾರ್ಥನಾ ಕೋಣೆಯಲ್ಲಿ ಆರೇ ಜನ. ಅವಳ ಚರ್ಚಿನ ಪಾಸ್ಟರ್ ಕೇಳಿದರು, "ಯಾರದಾದ್ರೂ ಪ್ರಾರ್ಥನೆ ವಿಷಯ ಇದೆಯಾ?"

ಲಿಫ್ಟಪ್ಪ ಎದ್ದು ನಿಂತ. ಕಿವಿ ಕೆಂಪಾಗಿತ್ತು. "ಒಂದು ಮದುವೆ ವಿಷಯ ಪಾಸ್ಟರ್. ನನ್ನದೇ... ಹುಡುಗಿ ಮನೆಯವರ ಒಪ್ಪಿಗೆ ಬಾಕಿ ಇದೆ."

ಹಿಂದಿನ ಸಾಲಿನಲ್ಲಿದ್ದ ಅವಳು ತಟ್ಟನೆ ತಲೆ ತಗ್ಗಿಸಿದಳು.

'ಎಲ್ಲ ಮುಗಿದಿದೆ. ಒಪ್ಪಿಗೆ ಒಂದೇ ಬಾಕಿ... ನಾನು ಯಾರು ಅವರಿಗೆ? ದಾರೀಲಿ ಸಿಕ್ಕ ಒಬ್ಬ ರೋಗಿಯ ಮಗಳು!'

"ನಮ್ಮ ಪ್ರಾರ್ಥನೆ ಅಕ್ಕ ಇಲ್ಲೇ ಇದಾರಲ್ಲ!" ಪಾಸ್ಟರ್ ಮುಖ ಅರಳಿತು. "ಅಕ್ಕಾ, ಈ ವಿಷಯಕ್ಕೆ ನೀವೇ ಪ್ರಾರ್ಥಿಸಿ."

ಎಲ್ಲರೂ ಕಣ್ಣು ಮುಚ್ಚಿದರು. ಅವಳು ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದಳು.

"ಪರಲೋಕದ ತಂದೆಯೇ... ಈ ಸಹೋದರನ ಮದುವೆಯ ಕಾರ್ಯ... ನಿಮ್ಮ ಚಿತ್ತದಂತೆ ನೆರ... ನೆರವೇ..."

ಮತ್ತೆ ಶುರುಮಾಡಿದಳು. ಮಾತು ಮತ್ತೆ ಅಲ್ಲಿಗೇ ನಿಂತಿತು.

"ಇಲ್ಲ! ನನ್ನ ಕೈಲಾಗಲ್ಲ ಕರ್ತನೇ!"

ಮೂರು ವಾರ ಬಾರದ ಮಾತು ಕಟ್ಟೆಯೊಡೆದು ಬಂತು. ಚಂದವಿಲ್ಲ, ಕ್ರಮವಿಲ್ಲ.

"ಬೇರೆಯವಳಿಗೆ ಅವರನ್ನ ಕೊಡು ಅಂತ ಯಾವ ಬಾಯಲ್ಲಿ ಕೇಳ್ಲಿ? ನಂಗೆ ಬೇಕು ಅವರು! ಅಮ್ಮ ಒಂದು ಹನಿ ನೀರು ನುಂಗ್ತಿಲ್ಲ. ಎಲ್ಲಿದೀಯ ನೀನು? ಕೇಳಿಸ್ತಿದ್ಯಾ? ನಂಗೆ ಭಯ ಆಗ್ತಿದೆ... ಒಬ್ಳೇ ಇದೀನಿ... ನಂಗೆ ತುಂಬ ಭಯ ಆಗ್ತಿದೆ..."

ಪಾಸ್ಟರ್ ಕಣ್ಣು ಬಿಟ್ಟು ತಲೆಯೆತ್ತಿದರು.

ಆಮೇಲೆ ಒಂದೇ ಒಂದು ದನಿ, ನಡುಗುತ್ತ, "ಆಮೆನ್."

ಅದು ಅವನದು!

ತಾನು ಏನು ಹೇಳಿಬಿಟ್ಟೆ ಎಂದು ಅವಳಿಗೆ ಆಗ ತಿಳಿಯಿತು. ಬಾಯಿ ಮುಚ್ಚಿಕೊಂಡು ಓಡಿದಳು. ಮೆಟ್ಟಿಲು ಹತ್ತುತ್ತಿದ್ದವಳ ಹಿಂದೆ ಅವನ ಹೆಜ್ಜೆ ಕೇಳಿಸಿತು.

"ನಿಂತ್ಕೊಳ್ರೀ! ನನಗೆ ಲಿಫ್ಟ್ ಹತ್ತಿ ಅಭ್ಯಾಸ, ಉಸಿರು ಹೋಗತ್ತೆ!"

"ಕ್ಷಮಿಸಿ... ನಿಮ್ಮ ಮದುವೆಗೆ ನಾನು..."

"ಹುಡುಗಿ ಯಾರು ಅಂತ ಕೇಳಲೇ ಇಲ್ವಲ್ಲ ನೀವು! ಹುಡುಗಿ ಮನೆಯವರು ಅಂದ್ರೆ ನಿಮ್ಮಮ್ಮ ಒಬ್ರೇ. ಅವರಿಗೀಗ ಮಾತು ಬರ್ತಿಲ್ಲ. ಹೇಗೆ ಒಪ್ಪಿಗೆ ಕೇಳ್ಲಿ ಅಂತ ಗೊತ್ತಾಗ್ದೆ, ದೇವರ ಹತ್ರ ಹೇಳ್ದೆ."

ಅವಳು ಗೋಡೆಗೊರಗಿದಳು. "ನನಗೆ ಯಾಕೆ ಹೇಳ್ಲಿಲ್ಲ?"

"ಅಳ್ತಾ ಇರೋರ ಹತ್ರ ಮದುವೆ ಮಾತಾಡೋದಾ? ಹೇಳೋ ಧೈರ್ಯ ಕೊಡು ಅಂತಾನೂ ದಿನಾ ಕೇಳ್ತಿದ್ದೆ."

ಮೂರು ಗಂಟೆ.

ಡಾಕ್ಟರಮ್ಮ ಅಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಮೊದಲ ಚಮಚ ನೀರು ಬಾಯಿಯ ಮೂಲೆಯಿಂದ ಹರಿದು ಕುತ್ತಿಗೆಗಿಳಿಯಿತು. ಡಾಕ್ಟರಮ್ಮ ಒರೆಸಿದರು. ಅವಳು ಮಂಚದ ಕಂಬಿ ಹಿಡಿದುಕೊಂಡಳು.

'ಕರ್ತನೇ... ಒಂದು ಚಮಚ. ಒಂದೇ...'

ಎರಡನೆಯ ಚಮಚ. ಅಮ್ಮ ಸುಮ್ಮನಿದ್ದಳು. ಒಂದು ಕ್ಷಣ... ಎರಡು... ಐದು... ಗಂಟಲು ನಿಧಾನವಾಗಿ ಮೇಲೆದ್ದು ಕೆಳಗಿಳಿಯಿತು!

"ನುಂಗಿದ್ರು!" ಡಾಕ್ಟರಮ್ಮ ಕೆಮ್ಮು ಬರುವುದೇನೋ ಎಂದು ಕಾದರು. ಬರಲಿಲ್ಲ. "ಹೊಟ್ಟೆಗೆ ಟ್ಯೂಬ್ ಈಗಲೇ ಬೇಡಮ್ಮ. ಇನ್ನೊಂದು ವಾರ ನೋಡೋಣ."

ಒಂದು ವಾರ. ಅಷ್ಟೇ ಸಿಕ್ಕಿದ್ದು. ಅಷ್ಟಕ್ಕೇ ಅವಳು ಅಮ್ಮನ ಪಾದ ಹಿಡಿದು ಬಿಕ್ಕಿಬಿಕ್ಕಿ ಅತ್ತಳು.

ಬಾಗಿಲಲ್ಲಿದ್ದವನು ಮೆಲ್ಲಗೆ ಹತ್ತಿರ ಬಂದು ಮಂಚದ ಪಕ್ಕ ಮೊಣಕಾಲೂರಿದ.

"ಅಮ್ಮಾ, ನಿಮ್ಮ ಮಗಳನ್ನ ನನಗೆ ಕೊಡ್ತೀರಾ? ಚೆನ್ನಾಗಿ ನೋಡ್ಕೋತೀನಿ."

ಅಮ್ಮ ಅವನನ್ನೇ ನೋಡಿದಳು. ಆಮೇಲೆ ಬಾಯಿ ತೆರೆದಳು.

ಅವನು ಗಾಬರಿಯಾಗಿ ಮಗಳತ್ತ ತಿರುಗಿದ. "ಇದು... ಹೂಂ ಅಂತಾನಾ, ಇನ್ನೊಂದು ಚಮಚ ಬೇಕು ಅಂತಾನಾ?"

ಅವಳು ಕಣ್ಣೊರೆಸಿಕೊಂಡು ಚಮಚವನ್ನು ಅವನ ಕೈಗಿತ್ತಳು.

"ಮೊದ್ಲು ನೀರು ಕೊಡ್ರೀ... ಹೂಂ ಅಂತ ನಾನು ಹೇಳ್ತಿದೀನಲ್ಲ!"