ಅಡುಗೆಮನೆಯ ಎರಡನೇ ಗಡಿಯಾರ

"ನನ್ನ ಗಂಡ ಪರದೇಶದಲ್ಲಿಲ್ಲ ಮೇಡಂ. ಇದೇ ಊರಲ್ಲಿ ಯಾವಳ ಜೊತೆಗೋ ಇದ್ದಾನೆ. ಹುಡುಕಿಕೊಡಿ," ಎಂದು ಆ ಹೆಂಗಸು ಎಳೆಗೂಸನ್ನು ಎದೆಗವಚಿಕೊಂಡು ಅತ್ತಳು.

ವಕೀಲಿಕೆ ಬಿಟ್ಟು ಪತ್ತೇದಾರಿಕೆಗಿಳಿದ ನಮ್ಮ ವಕೀಲಮ್ಮ ನೀರಿನ ಲೋಟ ಮುಂದಿಟ್ಟರು. ಅವರ ಗುಮಾಸ್ತನಾದ ನನಗೆ ಗಂಡ ಹೆಂಡಿರ ಜಗಳವೆಂದರೆ ಮೊದಲಿನಿಂದಲೂ ಆಗದು. ಬಂತಪ್ಪಾ ತಲೆನೋವು ಎಂದುಕೊಂಡೆ.

ಅವಳು ಬಟ್ಟೆ ಹೊಲಿಯುವವಳು. ಗಂಡನಿಗೆ ದೂರದೇಶದ ಬೇಕರಿಯೊಂದರಲ್ಲಿ ರಾತ್ರಿಪಾಳಿ. ಆರು ತಿಂಗಳಿಂದ ಅವನ ದನಿಯನ್ನೇ ಅವಳು ಕೇಳಿರಲಿಲ್ಲ. ಫೋನು ಕಳೆದುಹೋಗಿದೆ, ಇನ್ನು ಹಳೇ ನಂಬರಿನಿಂದ ಬರೆಯುತ್ತೇನೆ, ಇದರಲ್ಲಿ ಮಾತು ಕೇಳಿಸುವುದಿಲ್ಲ ಎಂದು ತಿಳಿಸಿದ್ದ. ಅಂದಿನಿಂದ ಬರೀ ಮೆಸೇಜು.

"ಅತ್ತೆಗೆ ಕಣ್ಣಿನ ಆಪರೇಷನ್ ಆದಾಗಲಂತೂ ಮೂರು ದಿನ ಸುದ್ದೀನೇ ಇಲ್ಲ. ಹೆತ್ತ ತಾಯಿ ಹೇಗಿದ್ದಾಳೆ ಅಂತ ಕೇಳ್ಬಾರ್ದಾ?"

ವಕೀಲಮ್ಮ ಅಂದು ಬೆಳಿಗ್ಗೆ ಹನ್ನೊಂದಕ್ಕೆ ಬಂದಿದ್ದ ಮೆಸೇಜನ್ನು ಓದಿದರು. 'ಇಲ್ಲೀಗ ಆರೂವರೆ. ಈಗಷ್ಟೇ ರೂಮಿಗೆ ಬಂದೆ. ಹೊತ್ತಿಗೆ ಸರಿಯಾಗಿ ಉಣ್ಣು. ಬಾಣಂತಿ ಗಾಳಿಗೆ ಕೂರಬಾರದು.'

ಸಂಜೆ ಅವಳ ಮನೆಗೆ ಹೋದೆವು. ಅಡುಗೆಮನೆಯ ಗೋಡೆಯಲ್ಲಿ ಅಕ್ಕಪಕ್ಕ ಎರಡು ಗಡಿಯಾರಗಳಿದ್ದವು. ಎರಡನೆಯದು ನಾಲ್ಕೂವರೆ ಗಂಟೆ ಹಿಂದಿತ್ತು.

"ಅದು ಮಗನ ಊರಿನ ಟೈಮು. ನಂಗೆ ಲೆಕ್ಕ ಬರಲ್ಲ ಅಂತ ಅವನೇ ಹಾಕ್ಕೊಟ್ಟು ಹೋದ," ಎಂದಳು ಅತ್ತೆ.

ಮೊಬೈಲ್ ರಿಪೇರಿ ಮಾಡುವ ಮೈದುನ ಸಿಡುಕಿದ. "ಗಂಡ ಹೆಂಡ್ತಿ ಮಧ್ಯೆ ನಿಮಗೇನ್ರೀ ಕೆಲಸ?"

ಅಣ್ಣನ ಗುಟ್ಟು ಮುಚ್ಚಿಡುತ್ತಿರುವ ಕಳ್ಳ ಇವನೇ ಎಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ. ವಕೀಲಮ್ಮ ಮಾತ್ರ ಕಚೇರಿಗೆ ಮರಳಿ ಆ ಬೇಕರಿಗೆ ಫೋನು ಹಚ್ಚಿದರು. ಅಲ್ಲೀಗ ಗಂಟೆ ಎಷ್ಟೆಂದು ಮೊದಲು ಕೇಳಿದರು. ಆಮೇಲೆ ಬಹಳ ಹೊತ್ತು ಬರೀ ಕೇಳಿಸಿಕೊಂಡರು. ಫೋನಿಟ್ಟು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಮರುದಿನ ಮೂವರನ್ನೂ ನಡುಮನೆಯಲ್ಲಿ ಕೂರಿಸಿದರು.

"ಮೆಸೇಜ್ ಬರೆಯೋರು ಆ ದೇಶದಲ್ಲಿಲ್ಲ. ಚಳಿಗಾಲ ಬಂತು ಅಂತ ಆ ದೇಶದೋರೆಲ್ಲ ಹೋದ ತಿಂಗಳೇ ಗಡಿಯಾರವನ್ನ ಒಂದು ಗಂಟೆ ಹಿಂದಕ್ಕಿಟ್ಟಿದ್ದಾರೆ. ನಮ್ಮ ಹನ್ನೊಂದಕ್ಕೆ ಅಲ್ಲಿ ಐದೂವರೆ ಅಷ್ಟೇ. ಅಲ್ಲಿರೋನಿಗೆ ಅದು ಗೊತ್ತಿರುತ್ತೆ. ಆರೂವರೆ ಅಂತ ತೋರಿಸೋದು ಈ ಅಡುಗೆಮನೆಯ ಗಡಿಯಾರ."

ನಾನು ಮೈದುನನನ್ನು ದುರುಗುಟ್ಟಿ ನೋಡಿದೆ.

"ಅವನಲ್ಲ ಮಾರಾಯಾ. ಅವನಾಗಿದ್ದರೆ ಆಪರೇಷನ್ ಆದ ಮೂರು ದಿನವೂ ಬರೀತಿದ್ದ. ಆಗ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ ಇದ್ದದ್ದು ಯಾರಿಗೆ? ಗಾಳಿಗೆ ಕೂರಬಾರದು ಅಂತ ಹೇಳೋದು ಗಂಡನ ಮಾತೋ, ತಾಯಿ ಮಾತೋ?" ವಕೀಲಮ್ಮನ ದನಿ ತಗ್ಗಿತು. "ಅಮ್ಮಾ, ಇನ್ನು ನೀವೇ ಹೇಳಿಬಿಡಿ."

ಮುದುಕಿ ಒಳಗೆ ಹೋಗಿ, ಅಕ್ಕಿ ಡಬ್ಬಿಯೊಳಗಿಂದ ಮಗನ ಹಳೇ ಫೋನನ್ನು ತಂದು ಸೊಸೆಯ ಮುಂದಿಟ್ಟಳು.

"ಬೇಕರೀಲಿ ಒಲೆ ಸಿಡೀತಂತೆ. ಅವನ ಜೊತೆಗಾರ ಫೋನ್ ಮಾಡ್ದಾಗ ಮನೇಲಿ ನಾನೊಬ್ಬಳೇ ಇದ್ದೆ. ಅಲ್ಲೇ ಮಣ್ಣು ಮಾಡ್ಬಿಟ್ರು. ಇವಳಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಮನಸ್ಸಿಗೆ ಪೆಟ್ಟಾಗಬಾರದು ಅಂದಿದ್ರು ಡಾಕ್ಟ್ರು. ಹೆರಿಗೆ ಆಗ್ಲಿ, ಹೇಳೋಣ ಅಂದ್ಕೊಂಡೆ. ಆಮೇಲೆ ನನ್ನ ಕೈಲಾಗ್ಲಿಲ್ಲ."

"ಅಮ್ಮಾ!" ಎಂದು ಮೈದುನ ಗೋಡೆಗೊರಗಿ ಕುಸಿದ. ಪಾಪ, ಅವನಿಗೂ ಗೊತ್ತಿರಲಿಲ್ಲ. ಅವನನ್ನು ಕಳ್ಳನೆಂದುಕೊಂಡ ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ಸೊಸೆ ಆ ಫೋನನ್ನು ಕೈಗೆತ್ತಿಕೊಂಡಳು. 

"ಅತ್ತೇ, ಮೊನ್ನೆ ನಾನು... ಸತ್ತು ಹೋಗು, ನಿನ್ನ ಹೆಣದ ಮುಖಾನೂ ನೋಡಲ್ಲ ಅಂತ ಬರೆದಿದ್ದೆ. ಅದನ್ನ ಓದಿದ್ದೂ ನೀವೇನಾ?"

"ಓದಿದೆ ಕಣಮ್ಮಾ. ಬೈಯೋಕಾದ್ರೂ ನಿನಗಿನ್ನೂ ಅವನಿದ್ದಾನಲ್ಲ ಅಂತ ಸಮಾಧಾನ ಮಾಡ್ಕೊಂಡೆ."

ಸೊಸೆ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ಆಕೆಯ ಕಾಲುಗಳನ್ನು ಬಾಚಿ ತಬ್ಬಿ ಗಂಡನ ಹೆಸರು ಹಿಡಿದು ಗೋಳಾಡಿದಳು. ಆಗ ಅತ್ತೆಯೂ ಬಾಯಿಬಿಟ್ಟು ಅತ್ತಳು. ಮಗ ಸತ್ತ ಆರು ತಿಂಗಳಿಗೆ ಆ ತಾಯಿಗೆ ದನಿಯೆತ್ತಿ ಅಳಲು ಸಿಕ್ಕಿದ್ದು ಅಂದೇ.