ಭೀಮಮ್ಮನ ಪ್ಲೇಟು

ಚೀಲ ಬಿಚ್ಚಿದಾಗ ಗ್ರಾಮಫೋನ್ ಪ್ಲೇಟು ಬರಲಿಲ್ಲ. ಚೂರುಗಳು ಬಿದ್ದವು.

ತುಳಸಿರಾಮ ಮೊದಲು ನೆಲ ನೋಡಿದ. ಆಮೇಲೆ ಎದುರಿಗೆ ನಿಂತಿದ್ದ ಅಂಜಪ್ಪನ ಮುಖ ನೋಡಿದ. ಆ ಮುಖದಲ್ಲಿ ಸಣ್ಣ ನಗೆಯೊಂದು ಇತ್ತೋ ಇಲ್ಲವೋ, ಆ ಬಗ್ಗೆ ಮುಂದೆ ಎರಡು ಮಾತಾದವು. ತುಳಸಿರಾಮ ಅಂಜಪ್ಪನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದನ್ನು ಮಾತ್ರ ಎಲ್ಲರೂ ಕಂಡರು.

ಅಂಜಪ್ಪ ತಾಂಡೂರಿನ ಬೇಳೆ ಗಿರಣಿಯ ಮಾಲೀಕ. ತುಳಸಿರಾಮ ಕಲ್ಲು ಪಾಲಿಶ್ ಕಾರ್ಖಾನೆಯ ಕೂಲಿ. ಸ್ವಲ್ಪ ಹೊತ್ತಿನಲ್ಲೇ ಇಬ್ಬರಲ್ಲಿ ಯಾರು ಠಾಣೆಯ ಕಂಬಿಯ ಹಿಂದೆ ಕೂತಿದ್ದರು ಎಂದು ಹೇಳಬೇಕಾಗಿಲ್ಲ. ಬಡವನ ಕೋಪ ದವಡೆಗೆ ಮೂಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

"ಸಾವ್ಕಾರನ ಗಿರಣಿಯೊಳಗ ಹೊಕ್ಕು ಹೊಡದಾನ," ಎಂದರು ಠಾಣೆಯ ಮುಖ್ಯಸ್ಥ ಅಮೀನ ಸಾಹೇಬರು. "ನಾಳಿ ಸಂಜಿಗಿ ಕೇಸ್ ಬರದು ಕೋರ್ಟಿಗಿ ಕಳಸು, ಕಾಶಿರಾಮ."

ಕಾಶಿರಾಮ ಜಮಾದಾರನಿಗೆ ಸಿಟ್ಟು ಬೇಗ ಬರುತ್ತಿತ್ತು. ಹೋಗುವುದಕ್ಕೆ ಮಾತ್ರ ಅದಕ್ಕೆ ಪುರುಸೊತ್ತು ಬೇಕಿತ್ತು.

"ಪ್ಲೇಟ್ ಒಡದವ್ರು ಯಾರು ಸಾಬ್?"

"ಅವನೇ ತುಳದು ಒಡದಿರಬೇಕು. ಒಂದು ಪ್ಲೇಟಿಗಿ ಯಾರರ ತಪಾಸ ಮಾಡ್ತಾರೇನು?"

ಜಮಾದಾರ ಸಲಾಮು ಹೊಡೆದು ಹೊರಬಂದ. ತಪಾಸ ಮಾಡುವುದೆಂದು ಅವನು ತೀರ್ಮಾನಿಸಿದ್ದು ಆ ಒಂದು ಮಾತಿಗಾಗಿಯೇ.

* * *

"ಊಟ ಮಾಡೋ ತಮ್ಮಾ," ಎಂದ ಜಮಾದಾರ ಕಂಬಿಯಾಚೆಯಿಂದ.

"ಒಲ್ಲೆ ರಿ."

"ಯಾಕ ಹಿಡದಿ ಅವನ ಕೊರಳಪಟ್ಟಿ?"

ತುಳಸಿರಾಮ ಗೋಡೆ ನೋಡುತ್ತ ಹೇಳಿದ. "ಅದರಾಗ ನಮ್ಮವ್ವ ಇದ್ದಳ್ರಿ."

ಅವನ ತಾಯಿ ಭೀಮಮ್ಮ ಪೆದ್ದೆಮುಲ್ ಕಡೆಯವಳು. ಕಲ್ಲು ಗಣಿಯಲ್ಲಿ ಕೂಲಿ ಮಾಡುತ್ತ ಹಾಡುತ್ತಿದ್ದಳು. ಹೈದರಾಬಾದಿನ ಯಾವುದೋ ಸಣ್ಣ ಕಂಪನಿಯವರು ಒಮ್ಮೆ ಕರೆಸಿ ಹಾಡಿಸಿಕೊಂಡಿದ್ದರು. ಒಂದು ಬದಿಗೆ ಬೀಸುವ ಹಾಡು, ಇನ್ನೊಂದು ಬದಿಗೆ ಬಾಬಾಸಾಹೇಬರ ಹಾಡು. ಕಂಪನಿ ಮುಚ್ಚಿತು. ಭೀಮಮ್ಮ ತೀರಿಕೊಂಡಳು. ಇನ್ನೊಂದು ಪ್ರತಿ ಯಾರ ಬಳಿಯೂ ಇಲ್ಲ.

"ಅಕಿದು ಫೋಟೋನೂ ಇಲ್ರಿ," ಎಂದ ತುಳಸಿರಾಮ. "ದನಿ ಒಂದೇ ಇತ್ತು."

ಅಂಜಪ್ಪನ ಗಿರಣಿಯ ಹಿಂದಿನ ಹಾಲಿನಲ್ಲಿ ಭಾನುವಾರಕ್ಕೊಮ್ಮೆ ಹಾಡಿನ ಹುಚ್ಚರು ಸೇರುತ್ತಿದ್ದುದು ಜಮಾದಾರನಿಗೆ ಗೊತ್ತಿತ್ತು. ಪ್ರತಿವರ್ಷ ಯುಗಾದಿ ಕಳೆದ ಮೇಲಿನ ಭಾನುವಾರ ಅವರದೊಂದು ದೊಡ್ಡ ವಾದದ ಜಗಳ. ಪ್ರತಿಯೊಬ್ಬರೂ ಹುಟ್ಟಿದಾಗಿನಿಂದ ಕೇಳಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದೆಂದು ನಂಬಿದ ಒಂದೇ ಪ್ಲೇಟು ತರಬೇಕು. ಅದರ ಪರವಾಗಿ ವಾದಿಸಬೇಕು. ಬಿಸಿಲಿನಲ್ಲಿ ಹೊತ್ತು ತಂದ ಪ್ಲೇಟು ಬಾಗಿರುತ್ತದೆಂದು ಶನಿವಾರ ಸಂಜೆಯೇ ತಂದು, ಹಾಲಿನ ನೆಲದ ತಣ್ಣನೆಯ ಫರ್ಸಿ ಕಲ್ಲಿನ ಮೇಲೆ ರಾತ್ರಿಯಿಡೀ ಮಲಗಿಸಬೇಕು. ಇದು ಅವರ ಕಟ್ಟಳೆ.

ತುಳಸಿರಾಮ ಇಷ್ಟು ವರ್ಷ ಬಾಗಿಲಲ್ಲಿ ಕೂತು ಕೇಳಿದವನು. ಎಲ್ಲರಿಗಿಂತ ಮೊದಲು ಬಂದು ಹಾಲು ಗುಡಿಸುವುದು ಅವನ ಪಾಲು. ಈ ವರ್ಷ ಮೊದಲ ಸಲ ಅವನದೂ ಒಂದು ಪ್ಲೇಟು ಒಳಗೆ ಬಂದಿತ್ತು.

"ಗುಡಸೂಮುಂದ ನೀ ಒಬ್ಬನೇ ಇದ್ದಿ?"

"ಹೌದ್ರಿ. ಅದಕ್ಕೇ ನಾನೇ ತುಳದೆ ಅಂತಾರ. ನಾ ಚೀಲಾನೇ ಮುಟ್ಟಿಲ್ರಿ."

"ಶನಿವಾರ ರಾತ್ರಿ ಕೀಲಿ ಎಲ್ಲಿತ್ತು?"

"ಬಾಗಿಲ ಪಕ್ಕದ ಮೊಳಿಗಿ. ಒಳಗ ಕೂಡೋ ಮೂವರಿಗೂ ಗೊತ್ತದ, ಸಾವ್ಕಾರ್ರಿಗಿ, ಶಾಮಲಾ ಅಕ್ಕಾರಿಗಿ, ದಶರಥ ಮಾಸ್ತರ್ರಿಗಿ."

"ಚೂರು ನೋಡಿದಿ?"

"ನೋಡಾಕ ಆಗ್ಲಿಲ್ರಿ. ಆ ನಗಿ ನೋಡಿದೆ."

* * *

ಅಂಜಪ್ಪ ಕುತ್ತಿಗೆಗೆ ಅರಿಸಿನ ಹಚ್ಚಿಕೊಂಡು ಕೂತಿದ್ದ. ಯುದ್ಧ ಗೆದ್ದು ಬಂದವನ ಹಾಗೆ ತಲೆ ಎತ್ತಿದ್ದ.

"ಬಾಬಾಸಾಹೇಬರ ಹಾಡು ಬ್ಯಾಡ ಅಂದಿದ್ರಿ ಅಂತ?"

"ಅಂದಿದ್ದೆ. ನನ್ನ ಹಾಲು, ನನ್ನ ಮಾತು. ಬೀಸೋ ಹಾಡು ಹಚ್ಚರಿ, ಆ ಕಡಿ ಹೊಳ್ಳಿಸಬ್ಯಾಡ್ರಿ ಅಂದೆ. ಅದಕ್ಕ ಒಡದು ಹಾಕ್ತೀನೇನ್ರಿ?"

"ನಕ್ಕಿದ್ದು?"

ಅಂಜಪ್ಪ ಕುತ್ತಿಗೆಗೆ ಇನ್ನಷ್ಟು ಅರಿಸಿನ ಹಚ್ಚಿಕೊಂಡ. ಒಡೆದವನು ಇವನೇ ಆಗಿಬಿಡಲಿ ಎಂದು ಕಾಶಿರಾಮನಿಗೆ ಮನಸಾರೆ ಆಸೆಯಾಯಿತು. ಅವನ ಕೈಗೆ ಬೇಡಿ ತೊಡಿಸುವ ಸುಖವೇ ಬೇರೆ. ಆದರೆ ಆಸೆ ಬೇರೆ, ಸಾಕ್ಷಿ ಬೇರೆ.

ಹಾಲಿನಲ್ಲಿ ಅಂಜಪ್ಪನ ಪ್ಲೇಟುಗಳ ರಾಶಿಯಿತ್ತು. ಈ ವರ್ಷದ ವಾದಕ್ಕೆ ಅವನು ಆರಿಸಿದ ಪ್ಲೇಟೂ ಅಲ್ಲೇ ಇತ್ತು. ಕಂಪನಿ ನಾಟಕದ ಹಾಡುಗಳ ಆಲ್ಬಮಿನದು; ಪುಸ್ತಕದ ಹಾಗೆ ಹಾಳೆ ತಿರುವಿದರೆ ಒಂದೊಂದು ಹಾಳೆಗೆ ಒಂದೊಂದು ಪ್ಲೇಟು. ಜಮಾದಾರ ನಾಲ್ಕಾರು ಎತ್ತಿ ನೋಡಿದ. ಒಲೆಯ ಬೂದಿಯ ಬಣ್ಣಕ್ಕೆ ತಿರುಗಿದ್ದವು.

"ಯಾಕ ಹಿಂಗಾಗ್ಯಾವ?"

"ಮಷೀನಿನ ಉಕ್ಕಿನ ಪಿನ್ನು ಕೆರದು ಕೆರದು. ಒಂದೇ ಪಿನ್ನಿಗಿ ದಿನಾ ನೂಕ್ತೀನಿ ನಾನು. ಹಾಡು ಕೇಳಾಕದ, ಪೂಜಿ ಮಾಡಾಕಲ್ಲ."

* * *

ಸರಕಾರಿ ದವಾಖಾನೆಯ ನರ್ಸ್ ಶಾಮಲಾ ಸೂಜಿ ಕುದಿಸುತ್ತಿದ್ದಳು. ಅವಳ ಮನೆಯಲ್ಲಿ ಹೊಸ ಕಾಲದ ದೊಡ್ಡ ಪ್ಲೇಟುಗಳಷ್ಟೇ. ಬಿದ್ದರೂ ಒಡೆಯದಂಥವು. ಹಳೆಯ ಸಣ್ಣ ಪ್ಲೇಟು ಒಂದೂ ಇಲ್ಲ.

"ಈ ವರ್ಷ ಶಹನಾಯಿದು ತಂದಿದ್ದೆ ರಿ," ಎಂದಳು. "ಆದ್ರ ಸೋಲ್ತಿದ್ದೆ. ದಶರಥ ಮಾಸ್ತರ್ರು ಶನಿವಾರಾನೇ ಅಂದ್ರು, ಭೀಮಮ್ಮನ ಮುಂದ ನಮ್ಮವು ಯಾವೂ ನಿಲ್ಲಂಗಿಲ್ಲ ಅಂತ. ನಮ್ಮೊಳಗ ಆ ಹಾಡು ಮೊದ್ಲ ಕೇಳಿದವ್ರು ಅವರೊಬ್ರೇ. ತುಳಸಿರಾಮನ ಪರವಾಗಿ ಅಂಜಪ್ಪನ ಜೋಡಿ ಜಗಳಾನೂ ಆಡಿದ್ರು."

"ಪ್ಲೇಟ್ ಹ್ಯಾಂಗಿತ್ತು?"

"ಬೂದಿ ಬಣ್ಣ ಆಗಿತ್ರಿ. ಮದಿವಿ ಮನ್ಯಾಗೆಲ್ಲಾ ಬಾಡಿಗಿ ಮಷೀನಿಗಿ ಹಾಕಿ ತೇದುಬಿಟ್ಟಾರ. ಮಾಸ್ತರ್ರು ಅದನ್ನ ನೋಡಿ ಕಣ್ಣಾಗ ನೀರ್ ತಂದ್ರು."

"ಚೂರು ಆರಿಸಿದವ್ರು ಯಾರು?"

"ಅವ್ರೇ. ನಾವು ಜಗಳ ಬಿಡ್ಸಾಕ ಓಡಿದ್ವಿ. ಕೈ ಕೊಯ್ಕೊಂಡೀರಿ, ದೂರ ಸರೀರಿ ಅಂತ ಅವ್ರೇ ಆರಿಸಿ ಚೀಲಕ್ಕ ಹಾಕಿದ್ರು."

ಜಮಾದಾರ ಠಾಣೆಗೆ ಬಂದು ಚೀಲ ಸುರುವಿದ. ಚೂರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದ. ಕಾಗೆಯ ರೆಕ್ಕೆಯಂಥ ಕಪ್ಪು, ಮಿರಮಿರ ಮಿಂಚುತ್ತಿತ್ತು. ಬೂದಿಯ ಗೆರೆ ಒಂದೂ ಇಲ್ಲ. ಎಲ್ಲ ಚೂರನ್ನೂ ಜೋಡಿಸಿಟ್ಟ. ಸುತ್ತಲಿನ ಬಳೆಯಾಯಿತು, ನಡುವೆ ಬಯಲು. ಹಾಡಿದವರ ಹೆಸರು ಬರೆದ ಕಾಗದ ಅಂಟಿಸುವುದು ನಡುವೆಯೇ. ಪ್ಲೇಟು ಒಡೆದರೂ ಆ ಕಾಗದ ನಡುವಿನ ಚೂರುಗಳನ್ನು ಹಿಡಿದುಕೊಂಡೇ ಇರುತ್ತದೆ. ಅದೇ ಮಾಯ.

ಭೀಮಮ್ಮನ ಪ್ಲೇಟು ಒಡೆದಿರಲಿಲ್ಲ. ಕಾಶಿರಾಮನ ಕಿವಿ ಬಿಸಿಯಾದವು.

* * *

ದಶರಥ ಮಾಸ್ತರು ಶಾಲೆಯಿಂದ ಊಟಕ್ಕೆ ಬಂದು, ಜಗುಲಿಯ ಮೇಲೆ ಬ್ಲೇಡಿನಿಂದ ಜಾಲಿ ಮುಳ್ಳು ಹರಿತ ಮಾಡುತ್ತ ಕೂತಿದ್ದರು. ಊರಿಗೆಲ್ಲ ಬೇಕಾದವರು.

"ಇದೇನ್ರಿ ಮಾಸ್ತರ್?"

"ನನ್ನ ಮಷೀನಿಗಿ, ಪಿನ್ನಿನ ಬದ್ಲಿ. ಉಕ್ಕು ಪ್ಲೇಟಿನ ಚರ್ಮ ಸುಲಿತದ ಜಮಾದಾರ್ರೇ. ಮುಳ್ಳು ನೆಕ್ಕಿ ಹೋಗತದ. ದನಿ ಸಣ್ಣದು ಬರತದ ಅಂತ ಎಲ್ಲರೂ ನಗ್ತಾರ. ನಗಲಿ. ನನ್ನ ಮನ್ಯಾಗ ಮಾಸಿದ ಪ್ಲೇಟ್ ಒಂದೂ ಇಲ್ಲ." ಆಮೇಲೆ ನಿಟ್ಟುಸಿರು ಬಿಟ್ಟರು. "ಪಾಪ, ತುಳಸಿರಾಮ. ನಾನು ಅವನಿಗಿ ಹೇಳಿದ್ದೆ, ನನ್ನ ಹತ್ರ ಇಟ್ಟಿರು ಅಂತ. ಕೇಳಲಿಲ್ಲ."

"ಹೌದು ಪಾಪ," ಎಂದ ಜಮಾದಾರ. "ಶಾಲಿ ಬಿಟ್ಟ ಮ್ಯಾಲ ಹಾಲಿಗಿ ಬರ್ರಿ. ನಿಮ್ಮದೊಂದು ಸಣ್ಣ ಪ್ಲೇಟ್ ತರ್ರಿ. ಎಲ್ಲರಿಗೂ ಹೇಳೀನಿ."

* * *

ಸಂಜೆ ಹಾಲಿನಲ್ಲಿ ಎಲ್ಲರೂ ಇದ್ದರು. ತುಳಸಿರಾಮನನ್ನು ಜಮಾದಾರ ಕರೆತಂದು ಒಳಗೆ ಕುರ್ಚಿಯ ಮೇಲೆ ಕೂಡಿಸಿದ. ಅಂಜಪ್ಪ ಮೂಗು ಮುರಿದ. ಜಮಾದಾರ ಅವನನ್ನೇ ನೋಡುತ್ತ ಕುರ್ಚಿಯನ್ನು ಇನ್ನಷ್ಟು ಮುಂದೆ ಎಳೆದ.

ಫರ್ಸಿಯ ಮೇಲೆ ಚೀಲದ ಒಂದು ಚೂರು ಇಟ್ಟ. ಪಕ್ಕಕ್ಕೆ ಅಂಜಪ್ಪನ ಪ್ಲೇಟು.

"ತುಳಸಿರಾಮಾ, ನಿಮ್ಮವ್ವಂದು ಇದೇ ಏನು?"

ತುಳಸಿರಾಮ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. "ಅಲ್ರಿ. ನಮ್ಮವ್ವಂದು ತೇದಿತ್ತು. ಇದು ಹೊಸದರಂಗ ಅದ."

"ಹೌದು. ಯಾರೋ ಬ್ಯಾರೆ ಪ್ಲೇಟ್ ಒಡದು ಚೀಲಕ್ಕ ಹಾಕ್ಯಾರ. ಹೆಸರು ಕಾಣಬಾರದಂತ ನಡುವಿನ ಕಾಗದ ತಗದಾರ. ಭೀಮಮ್ಮನ ಪ್ಲೇಟ್ ಒಯ್ದಾರ. ಶಾಮಲಾಬಾಯಿ ಹತ್ರ ಸಣ್ಣ ಪ್ಲೇಟೇ ಇಲ್ಲ. ಸಾವ್ಕಾರ್ರ ಪ್ಲೇಟ್ ಒಡದಿದ್ರ ಚೂರು ಬೂದಿ ಬಣ್ಣ ಇರ್ತಿತ್ತು, ಯಾರಿಗೂ ಸಂಶಯ ಬರ್ತಿರಲಿಲ್ಲ. ಆದ್ರ ಈ ಕಳ್ಳನ ಮನ್ಯಾಗ ಒಡಿಯಾಕ ಮಾಸಿದ ಪ್ಲೇಟ್ ಒಂದೂ ಇರಲಿಲ್ಲ." ಜಮಾದಾರ ತಿರುಗಿದ. "ಮಾಸ್ತರ್, ನಿಮ್ದು ಕೊಡ್ರಿ."

ಮಾಸ್ತರರು ಎದೆಗವಚಿದ್ದ ಪ್ಲೇಟನ್ನು ಕೊಡಲಿಲ್ಲ. ಜಮಾದಾರ ಕಸಿದು ಚೂರಿನ ಪಕ್ಕಕ್ಕಿಟ್ಟ. ಅದೇ ಕಪ್ಪು, ಅದೇ ಮಿಂಚು.

"ಇದರಿಂದ ಏನ್ ಸಿದ್ಧ ಆತು?" ಮಾಸ್ತರರು ತಮ್ಮ ಪ್ಲೇಟಿಗೆ ಕೈ ಚಾಚಿದರು. "ಹೊಸಾ ಪ್ಲೇಟೆಲ್ಲಾ ಕಪ್ಪೇ ಇರ್ತಾವ."

"ಏನೂ ಸಿದ್ಧ ಆಗಿಲ್ರಿ. ಅದಕ್ಕೇ ಇಬ್ಬರು ಪೋಲಿಸ್ರು ನಿಮ್ಮ ಮನಿ ಬಾಗಿಲಾಗ ನಿಂತಾರ. ನಾ ಹೂಂ ಅಂದ್ರ ನಿಮ್ಮ ಕಪಾಟು ಅಂಗಳಕ್ಕ ಸುರೀತಾರ. ಅವರ ಕೈ ಒರಟ. ಪ್ಲೇಟ್ ಹ್ಯಾಂಗ ಹಿಡೀಬೇಕು ಅಂತ ಯಾರೂ ಅವ್ರಿಗಿ ಕಲಿಸಿಲ್ಲ."

"ಬ್ಯಾಡ್ರಿ," ಎಂದರು ಮಾಸ್ತರರು. "ಬ್ಯಾಡ್ರಿ, ಮುಟ್ಟಬ್ಯಾಡ ಅನ್ರಿ. ಕೆಳಗಿನ ಖಾನೆದಾಗ, ರೇಷ್ಮಿ ಬಟ್ಟಿಯೊಳಗ ಅದ. ನಾನೇ ತರ್ತೀನಿ."

* * *

ತಂದರು. ಪೊಲೀಸನೊಬ್ಬ ಜೊತೆಗಿದ್ದ. ತುಳಸಿರಾಮ ಬಟ್ಟೆ ಬಿಚ್ಚಿ ನಡುವಿನ ಹೆಸರಿನ ಮೇಲೆ ಬೆರಳಾಡಿಸಿದ.

"ನಾ ಕದ್ದಿಲ್ಲ," ಎಂದರು ಮಾಸ್ತರರು. "ಉಳಿಸೀನಿ. ಅವನ ಗುಡಿಸಲದಾಗ ಕಲ್ಲಿನ ಧೂಳು. ಇನ್ನ ನಾಕು ಮದಿವಿ ಆದ್ರ ಆ ದನಿ ಸತ್ತೇ ಹೋಗ್ತಿತ್ತು. ಅಂಥಾ ದನಿ ಯಾರ ಹತ್ರ ಇರ್ಬೇಕ್ರಿ? ನೀವೇ ಹೇಳ್ರಿ."

ಕಾಶಿರಾಮನಿಗೆ ಅಷ್ಟು ಹೊತ್ತು ತಡೆದಿದ್ದ ಸಿಟ್ಟು ನೆತ್ತಿಗೇರಿತು. ಅಂಜಪ್ಪನಾದರೂ ಬಾಯಿಬಿಟ್ಟು ಬೇಡವೆಂದಿದ್ದ. ಇವರು ಹೊಗಳಿ, ಅತ್ತು, ಹೆಗಲ ಮೇಲೆ ಕೈಯಿಟ್ಟು, ಕದ್ದಿದ್ದರು.

"ಉಳಿಸಿದ್ರಿ? ಮಗನ ಕೈಯಿಗಿ ಚೂರು ಕೊಟ್ಟು, ನಿಮ್ಮವ್ವನ್ನ ನೀನೇ ತುಳದಿ ಅಂತ ನಾಕು ಜನ ಅನ್ನೂಮುಂದ ಸುಮ್ಮ ಕುಂತ್ರಿ. ಅವ ಕಂಬಿ ಹಿಂದ ಉಪಾಸ ಕುಂತಾನ, ನೀವು ಊಟ ಮಾಡಿ ಮುಳ್ಳು ಹೆರೀತಿದ್ರಿ. ಅದೇನು ಪ್ರೀತಿರಿ?"

ಅಂಜಪ್ಪ ಗಂಟಲು ಸರಿಮಾಡಿಕೊಂಡ. "ಆತು ಬಿಡ್ರಿ. ನಾನು ನನ್ನ ತಕರಾರು ವಾಪಸ್ ತಗೋತೀನಿ. ಪ್ಲೇಟ್ ಸಿಕ್ತಲ್ಲ. ಮಾಸ್ತರ್ರು ಮರ್ಯಾದಸ್ತರು. ನಾವ್ ನಾವೇ ಬಗಿಹರಿಸ್ಕೊಳ್ಳೋಣ."

ಎಲ್ಲರೂ ತುಳಸಿರಾಮನ ಕಡೆ ನೋಡಿದರು. ಹೂಂ ಅನ್ನುತ್ತಾನೆಂದೇ ಅವರ ನಂಬಿಕೆ. ಅಷ್ಟು ವರ್ಷ ಅಂದಿದ್ದನಲ್ಲ.

"ಕಳುವಿನ ಕೇಸ್ ಬರಕೊಳ್ರಿ ಜಮಾದಾರ್ರೇ," ಎಂದ ತುಳಸಿರಾಮ. "ನಾ ಹೆಬ್ಬೆಟ್ಟು ಒತ್ತಂಗಿಲ್ಲ, ಸಹಿ ಮಾಡ್ತೀನಿ."

ಶಾಮಲಾ ತಗ್ಗಿದ ದನಿಯಲ್ಲಿ ಕೇಳಿದಳು. "ಒಂದೇ ಸಲ ಹಚ್ಚೋ ತಮ್ಮಾ. ಎರಡೂ ಕಡಿ. ಕೇಳ್ತೀವಿ."

"ನಾ ತುಳದು ಒಡದೆ ಅಂದಾಗ ನೀವೂ ಹೂಂ ಅಂದ್ರಿ ಅಕ್ಕಾರ. ನಮ್ಮವ್ವ ಇಲ್ಲಿ ಹಾಡಂಗಿಲ್ಲ."

ಶಾಮಲಾ ತಲೆ ತಗ್ಗಿಸಿದಳು. ತುಳಸಿರಾಮ ಪ್ಲೇಟನ್ನು ಅಂಗಿಯೊಳಗೆ ಇಟ್ಟುಕೊಂಡು ಅಂಗಳ ದಾಟಿ ಠಾಣೆಯ ದಾರಿ ಹಿಡಿದ. ಚೈತ್ರದ ಇಳಿಬಿಸಿಲು ಇನ್ನೂ ಸುಡುತ್ತಿತ್ತು. ಮಾಸ್ತರರು ಬಾಗಿಲಿಗೆ ಓಡಿಬಂದರು.

"ಜಮಾದಾರ್ರೇ, ನಿಲ್ಲಸ್ರಿ ಅವನ್ನ. ಇಂಥಾ ಬಿಸಿಲಾಗ ಒಯ್ದ್ರ ಅದು ಬಾಗಿ ಹೋಗತದ."

ಕಾಶಿರಾಮ ಅವರ ರಟ್ಟೆ ಹಿಡಿದ.

"ಅಕಿ ಬಿಸಿಲಾಗೇ ದುಡದಾಕಿ ಮಾಸ್ತರ್. ನೀ ನಡಿ."